19 ಅಡಿ ಬೋಟು ಸಾಕೋ, 24 ಅಡಿ ಬೇಕೋ?

ಪ್ರಶ್ನೆ: ಮನೆಯಲ್ಲಿ ನಾವು ನಾಲ್ವರು, ಅದರಲ್ಲಿ ಇಬ್ಬರು ಮಕ್ಕಳು. ಓಡಾಟ ಹೆಚ್ಚಾಗಿ ಸರೋವರದಲ್ಲೇ. ವರ್ಷಕ್ಕೊಂದೆರಡು ಸಲ ನೆಂಟರೂ ಬರುತ್ತಾರೆ. ಬೋಟನ್ನು ಮನೆಯಲ್ಲಿಟ್ಟು, ಬೇಕಾದಾಗ ಟ್ರೇಲರ್‌ನಲ್ಲಿ ಒಯ್ಯಬೇಕು. ನಮ್ಮ ಕಾರಿನ ಎಳೆಯುವ ಮಿತಿ 2,000 ಕೆ.ಜಿ. 115 ಎಚ್‌ಪಿ ಎಂಜಿನ್ನಿನ 19 ಅಡಿ ಬೋಟು ನೋಡಿದ್ದೇವೆ. ‘ಆಮೇಲೆ ಚಿಕ್ಕದಾಯ್ತು ಅನಿಸುತ್ತೆ, 24 ಅಡಿಯದ್ದೇ ತಗೊಳ್ಳಿ’ ಎನ್ನುತ್ತಾರೆ ಸ್ನೇಹಿತರು. ಯಾವುದು ಸರಿ?

ಉತ್ತರ: ನಿಮ್ಮ ಮಟ್ಟಿಗೆ ಇದನ್ನು ಕಾರೇ ತೀರ್ಮಾನಿಸಿದೆ. ಐದು ಅಡಿ ಏನು ಮಹಾ ಎನಿಸಬಹುದು. ಆದರೆ ಉದ್ದದ ಜೊತೆಗೆ ಅಗಲ, ಎತ್ತರವೂ ಬೆಳೆಯುವುದರಿಂದ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 19 ಅಡಿಯ ಫೈಬರ್‌ಗ್ಲಾಸ್ ಬೋಟು ಎಂಜಿನ್ ಸೇರಿ ಸುಮಾರು 1,100 ಕೆ.ಜಿ., ಟ್ರೇಲರ್ 400, ನೂರು ಲೀಟರ್ ಪೆಟ್ರೋಲ್ 75, ಲಂಗರು, ಬ್ಯಾಟರಿ, ಲೈಫ್ ಜಾಕೆಟ್ ಇತ್ಯಾದಿ ಇನ್ನೊಂದು 100. ಒಟ್ಟು 1,675. 24 ಅಡಿಯದ್ದಾದರೆ ಇದೇ ಲೆಕ್ಕ 2,700 ದಾಟುತ್ತದೆ. ಮಾರುವವರು ಹೇಳುವ ತೂಕದಲ್ಲಿ ಎಂಜಿನ್ ಸೇರಿದೆಯೇ ಎಂದು ಕೇಳಿ. ಔಟ್‌ಬೋರ್ಡ್, ಅಂದರೆ ಎಂಜಿನ್ನನ್ನು ಹಿಂಬದಿಗೆ ಹೊರಗೆ ಕೂರಿಸುವ ಬೋಟುಗಳಲ್ಲಿ ಎಷ್ಟೋ ಸಲ ಸೇರಿರುವುದಿಲ್ಲ, 115 ಎಚ್‌ಪಿಯದ್ದೇ 160–175 ಕೆ.ಜಿ. ತೂಗುತ್ತದೆ.

ದೊಡ್ಡ ಬೋಟಿನ ನಿಜವಾದ ಲಾಭ ಜಾಗಕ್ಕಿಂತ ಅಲೆಯಲ್ಲಿ ಕಾಣುತ್ತದೆ. ಗಾಳಿ ಎದ್ದಾಗ ಒತ್ತೊತ್ತಾಗಿ ಬರುವ ಗಿಡ್ಡ ಅಲೆಗಳ ಮೇಲೆ ಉದ್ದದ ತಳ ಸರಾಗವಾಗಿ ಸಾಗುತ್ತದೆ. ಗಿಡ್ಡ ತಳ ಪ್ರತಿ ಅಲೆಗೂ ಎದ್ದು ಬಡಿಯುತ್ತದೆ. ವೇಗ ಇಳಿಸಿದರೆ ಬಡಿತ ಕಡಿಮೆಯಾಗುತ್ತದೆ ಅನ್ನಿ. ಬೋಟನ್ನು ನೀರಲ್ಲೇ ಕಟ್ಟಿಡುವ, ಗಾಳಿಯ ಅಗಲ ನೀರಿನಲ್ಲಿ ದಿನವಿಡೀ ಓಡಾಡುವ ಕುಟುಂಬವಾಗಿದ್ದರೆ 24 ಅಡಿಯದ್ದನ್ನೇ ಹೇಳುತ್ತಿದ್ದೆವು.

ಖರ್ಚಿನ ಮಾತು: ಪೂರ್ತಿ ಥ್ರಾಟಲ್‌ನಲ್ಲಿ 115 ಎಚ್‌ಪಿ ಎಂಜಿನ್ ಗಂಟೆಗೆ ಸುಮಾರು 40 ಲೀಟರ್ ಕುಡಿದರೆ, 24 ಅಡಿಗೆ ಬೇಕಾಗುವ 250 ಎಚ್‌ಪಿ ಎಂಜಿನ್ 85ರಿಂದ 90 ಲೀಟರ್ ಕುಡಿಯುತ್ತದೆ. ಅಡ್ಡಗಾಳಿಯಲ್ಲಿ ದಡ ಸೇರಿಸುವಾಗ ಇನ್ನೊಂದು ಕಷ್ಟ. 19 ಅಡಿಯದ್ದನ್ನು ಇಬ್ಬರು ದೊಡ್ಡವರು ಹಗ್ಗ ಹಿಡಿದು ನಿಲ್ಲಿಸಬಹುದು, 24 ಅಡಿಯದ್ದು ಹಾಗೆ ಕೈಗೆ ಬಗ್ಗುವುದಿಲ್ಲ.

ನೆಂಟರ ವಿಷಯಕ್ಕೆ ಬಂದರೆ, ಸೀಟು ಎಣಿಸಬೇಡಿ. ಚಾಲಕನ ಬಳಿಯ ಸಾಮರ್ಥ್ಯದ ಫಲಕ ನೋಡಿ. ಅದರಲ್ಲಿ ಜನರ ಸಂಖ್ಯೆಯ ಜೊತೆ ಕೆ.ಜಿ. ಮಿತಿಯೂ ಇದ್ದರೆ, ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ನಿಲ್ಲಿಸಿ. ಮುಂದಿನ ಸೀಟಿಗೇ ಎಲ್ಲರೂ ಹೋದರೆ ಮೂತಿ ತಗ್ಗಿ, ನಿಧಾನಿಸಿದಾಗ ಎದುರಿನ ಅಲೆ ನೇರ ಒಳಗೆ ನುಗ್ಗುತ್ತದೆ.

ಪ್ರಶ್ನೆ: ಪರೀಕ್ಷಾ ಓಟದಲ್ಲಿ ಏನು ನೋಡಬೇಕು?

ಉತ್ತರ: ನಾಲ್ವರೂ ಹತ್ತಿ, ಟ್ಯಾಂಕ್ ತುಂಬಿಸಿ ಓಡಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ತಯಾರಕರು ಹೇಳಿದ ವ್ಯಾಪ್ತಿಗೆ, ಹಲವು ಔಟ್‌ಬೋರ್ಡ್‌ಗಳಲ್ಲಿ 5,000–6,000ಕ್ಕೆ, ಏರಬೇಕು. 4,700ರಲ್ಲೇ ನಿಂತರೆ ಪ್ರೊಪೆಲ್ಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಹೆಚ್ಚಾಗಿರಬಹುದು. ಒಂದು ಇಂಚು ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ. ಹಳೆಯ ಬೋಟಾದರೆ ಗೇರ್ ಆಯಿಲ್ ಸ್ವಲ್ಪ ಬಸಿದು ನೋಡಿ. ಹಾಲು ಬೆರೆಸಿದಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ, ರಿಪೇರಿ ಆಗುವವರೆಗೆ ಮುಂಗಡ ಕೊಡಬೇಡಿ.