ಬಿಗ್ ಬ್ಯಾಂಗ್ ನೋಡಲು ಟೆಲಿಸ್ಕೋಪ್ ಯಾವ ಕಡೆ ತಿರುಗಿಸಬೇಕು?

ಸರ್, ಹೊಸ ಟೆಲಿಸ್ಕೋಪ್ ಬಂತು, ವಿಶ್ವ ಶುರುವಾದ ಆ ಬಿಗ್ ಬ್ಯಾಂಗ್ (ಮಹಾಸ್ಫೋಟ) ನಡೆದ ಜಾಗ ಯಾವ ದಿಕ್ಕಿಗಿದೆ ಅಂತ ಈ ಗುಂಪಿನಲ್ಲಿ ಕೇಳಿದ್ದೀರಿ. ಒಂದಿಬ್ಬರು ನಕ್ಕಿದ್ದಾರೆ, ಬಿಡಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಎಲ್ಲೋ ಪಟಾಕಿ ಸಿಡಿದು ಚೂರುಗಳು ಹಾರುತ್ತಿವೆ ಅಂತ.

ಅಂಥ ಜಾಗವೇ ಇಲ್ಲ. ಹಿಗ್ಗುತ್ತಿರುವುದು ಇಡೀ ಆಕಾಶವೇ. ಒಂದು ಇಲಾಸ್ಟಿಕ್ ಪಟ್ಟಿ ತಗೊಂಡು ಪೆನ್ನಿನಲ್ಲಿ ಸೆಂಟಿಮೀಟರಿಗೊಂದು ಚುಕ್ಕಿ ಇಡಿ, ಒಂದೊಂದು ಚುಕ್ಕಿಯೂ ಒಂದು ಗ್ಯಾಲಕ್ಸಿ (ನಕ್ಷತ್ರಗಳ ದೊಡ್ಡ ಗುಂಪು) ಅಂದುಕೊಳ್ಳಿ. ಎರಡರಷ್ಟು ಉದ್ದಕ್ಕೆ ಎಳೆಯಿರಿ. ಪಕ್ಕದ ಚುಕ್ಕಿ 1 ಸೆಂ.ಮೀ. ಸರಿದರೆ ಅದರಾಚೆಯದು 2 ಸೆಂ.ಮೀ. ಸರಿದಿರುತ್ತದೆ. ಯಾವ ಚುಕ್ಕಿಯಿಂದ ಅಳೆದರೂ ಇದೇ ಲೆಕ್ಕ. ನಡುವೆ ಇರುವವನು ನಾನೇ ಅಂತ ಪ್ರತಿ ಚುಕ್ಕಿಗೂ ಅನಿಸುತ್ತದೆ! 1927ರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಲೆಮೇತ್ರ್ ಲೆಕ್ಕ ಹಾಕಿ, 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹಬಲ್ ಗ್ಯಾಲಕ್ಸಿಗಳ ದೂರ ಅಳೆದು ಹೇಳಿದ್ದು ಇದನ್ನೇ. ದೂರ ಇದ್ದಷ್ಟೂ ವೇಗ ಜಾಸ್ತಿ. (ಆಂಡ್ರೊಮಿಡಾದಂಥ ಪಕ್ಕದ ಕೆಲವು ಗ್ಯಾಲಕ್ಸಿಗಳು ಮಾತ್ರ ನಮ್ಮತ್ತಲೇ ಬರುತ್ತಿವೆ. ತೀರಾ ಹತ್ತಿರದವರಲ್ಲಿ ಗುರುತ್ವದ ಸೆಳೆತವೇ ಗೆಲ್ಲುತ್ತದೆ.)

ದೂರದ ಬೆಳಕು ನಮ್ಮನ್ನು ತಲುಪಲು ಕಾಲ ಬೇಕು, ದೂರ ನೋಡಿದಷ್ಟೂ ಹಳೆಯದು ಕಾಣುತ್ತದೆ. ಹಾಗಾಗಿ ಎತ್ತ ತಿರುಗಿಸಿದರೂ ನೀವು ನೋಡುವುದು ಆರಂಭದ ಕಡೆಗೇ. 1964ರಲ್ಲಿ ಅಮೆರಿಕದ ರೇಡಿಯೋ ಖಗೋಳವಿಜ್ಞಾನಿಗಳಾದ ಪೆಂಜಿಯಾಸ್, ವಿಲ್ಸನ್ ಇಬ್ಬರಿಗೂ ಆಂಟೆನಾ ಎತ್ತ ತಿರುಗಿಸಿದರೂ ಒಂದೇ ಸಮನೆ ರೇಡಿಯೋ ಸದ್ದು ಸಿಗುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ತೊಳೆದರೂ ಹೋಗಲಿಲ್ಲ. ವಿಶ್ವಕ್ಕೆ ಸುಮಾರು 3,80,000 ವರ್ಷ ಆಗಿದ್ದಾಗ ಹೊರಟ ಬೆಳಕು ಅದು. ಆಕಾಶದ ಜೊತೆ ಹಿಗ್ಗಿ ಹಿಗ್ಗಿ ಈಗ ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆ ಆಗಿದೆ, ತಾಪ ಬರೀ 2.7 ಕೆಲ್ವಿನ್ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್). ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಐಪೀಸ್‌ನಲ್ಲಿ ಕಾಣಲ್ಲ.

ಇನ್ನೊಬ್ಬರು, ಬಿಗ್ ಬ್ಯಾಂಗ್‌ಗೆ ಎದುರಾಳಿಯಾಗಿದ್ದ ಸ್ಥಿರ ಸ್ಥಿತಿ ಸಿದ್ಧಾಂತ ಏನಾಯ್ತು ಅಂದರು. ವಿಶ್ವ ಹಿಗ್ಗಿದಂತೆ ಹೊಸ ದ್ರವ್ಯ ಹುಟ್ಟುತ್ತಾ ಇರುತ್ತದೆ, ಆರಂಭವೇ ಇಲ್ಲ ಅಂತ 1948ರಲ್ಲಿ ವಿಜ್ಞಾನಿಗಳಾದ ಹಾಯ್ಲ್, ಬಾಂಡಿ, ಗೋಲ್ಡ್ ಹೇಳಿದ್ದರು. ಈ ಮೈಕ್ರೋವೇವ್ ಹಿನ್ನೆಲೆಗೆ ಅದರಲ್ಲಿ ಸರಿಯಾದ ವಿವರಣೆ ಸಿಗಲಿಲ್ಲ, ಹೆಚ್ಚಿನವರು ಕೈಬಿಟ್ಟರು. ತಮಾಷೆ ಅಂದ್ರೆ 'ಬಿಗ್ ಬ್ಯಾಂಗ್' ಅನ್ನೋ ಹೆಸರು ಇಟ್ಟವರೂ ಹಾಯ್ಲ್ ಅವರೇ, 1949ರ ಬಿಬಿಸಿ ರೇಡಿಯೋ ಭಾಷಣದಲ್ಲಿ. ಬಿಗ್ ಬ್ಯಾಂಗ್‌ಗೂ ಮೊದಲು ಏನಿತ್ತು ಅನ್ನುವುದಕ್ಕೆ ಐಡಿಯಾಗಳು ಬೇಕಾದಷ್ಟಿವೆ, ಪರೀಕ್ಷೆಯಲ್ಲಿ ಗೆದ್ದದ್ದು ಇನ್ನೂ ಒಂದೂ ಇಲ್ಲ.

ಸುಮ್ನೆ ಓದೋದು ಬೇಡ, ಕಣ್ಣಾರೆ ಹಳೆಯದೇನಾದರೂ ನೋಡಬೇಕು ಅಂದ್ರೆ ಕನ್ಯಾ ರಾಶಿಯ 3ಸಿ 273 ಎಂಬ ಕ್ವೇಸಾರ್ (ಬಹು ದೂರದ ಗ್ಯಾಲಕ್ಸಿಯ ಅತಿ ಪ್ರಕಾಶಮಾನ ಕೇಂದ್ರ) ಹುಡುಕಿ. ಏಪ್ರಿಲ್, ಮೇ ರಾತ್ರಿಗಳು ಒಳ್ಳೆಯವು. 8 ಇಂಚಿನ ಟೆಲಿಸ್ಕೋಪ್ ಮತ್ತು ಕಪ್ಪು ಆಕಾಶ ಬೇಕು, ಹೊಳಪಿನ ಅಂಕ (ಮ್ಯಾಗ್ನಿಟ್ಯೂಡ್, ಅಂಕ ಹೆಚ್ಚಿದಷ್ಟೂ ಮಂಕು) 13ರ ಆಸುಪಾಸು. ನಕ್ಷೆ ಮುದ್ರಿಸಿಕೊಂಡು ಒಂದೊಂದೇ ನಕ್ಷತ್ರ ಹಿಡಿದು ಹೋಗಿ. ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಚುಕ್ಕಿ ಗಟ್ಟಿಯಾಗುತ್ತದೆ. ನನಗೆ ಮೂರನೇ ರಾತ್ರಿ ಸಿಕ್ಕಿತು. ನೋಡೋಕೆ ಏನೂ ಇಲ್ಲ, ಮಂಕು ನಕ್ಷತ್ರದ ಹಾಗೆ ಒಂದು ಚುಕ್ಕಿ, ಅಷ್ಟೇ. ಆದರೆ ಆ ಬೆಳಕು ಹೊರಟು 200 ಕೋಟಿ ವರ್ಷ ದಾಟಿದೆ.