ಬೋರೆಮರದ ತೊಗಟೆ ಮತ್ತು ಹರಡಿದ ಮೆಲನೋಮ

ಪ್ರಶ್ನೆ: ನಮ್ಮ ಮಾವನವರು ಅಡಿಕೆ ತೋಟದಲ್ಲಿ ಬರಿಗಾಲಿನಲ್ಲೇ ದುಡಿದವರು. ಅವರ ಹಿಮ್ಮಡಿಯ ಕಪ್ಪು ಕಲೆಯನ್ನು ನಾವು ಮುಳ್ಳು ಚುಚ್ಚಿದ ಗುರುತೆಂದೇ ತಿಳಿದಿದ್ದೆವು. ಈಗ ಬಯಾಪ್ಸಿಯಲ್ಲಿ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಎಂದು ಬಂದಿದೆ. ತೊಡೆಸಂದಿನ ಗ್ರಂಥಿಗೂ ಶ್ವಾಸಕೋಶಕ್ಕೂ ಹರಡಿದೆಯಂತೆ. ಬೋರೆಮರದ ತೊಗಟೆಯಲ್ಲಿ ಈ ಕ್ಯಾನ್ಸರನ್ನು ಕೊಲ್ಲುವ ಅಂಶವಿದೆಯೆಂದು ಓದಿದ ನೆಂಟರೊಬ್ಬರು, ಅದರ ಕಷಾಯ ಕುಡಿಸಿ, ಹುಣ್ಣಿಗೆ ಕಾಡುಗೇರಿನ ಲೇಪ ಹಚ್ಚಿರೆಂದು ಒತ್ತಾಯಿಸುತ್ತಿದ್ದಾರೆ. ಆಸ್ಪತ್ರೆಯ ಚಿಕಿತ್ಸೆಗೆ ಬದಲಾಗಿ ಇದನ್ನು ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ಬದಲಾಗಿ ಮಾಡುವಂತಿಲ್ಲ. ಆದರೆ ನಿಮ್ಮ ನೆಂಟರು ಓದಿದ್ದು ಕಟ್ಟುಕಥೆಯೂ ಅಲ್ಲ. ಬೋರೆ ಅಥವಾ ಎಲಚಿ ಮರದ ಕಾಂಡದ ತೊಗಟೆಯಿಂದ ಬೇರ್ಪಡಿಸಿದ ಬೆಟುಲಿನಿಕ್ ಆಮ್ಲವು ಮಾನವ ಮೆಲನೋಮ ಕೋಶಗಳನ್ನು ಸಾಯಿಸುತ್ತದೆಂದೂ, ಅಂಥ ಗಡ್ಡೆ ಬೆಳೆಸಿದ ಇಲಿಗಳಲ್ಲಿ ಅದರ ಬೆಳವಣಿಗೆಯನ್ನು ತಡೆಯುತ್ತದೆಂದೂ 1995ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅಲ್ಲಿಂದೀಚೆಗೆ ಇಷ್ಟು ವರ್ಷ ಕಳೆದರೂ ಅದು ಮೆಲನೋಮಕ್ಕೆ ಅಂಗೀಕೃತ ಔಷಧಿಯಾಗಿಲ್ಲ. ಈ ಆಮ್ಲ ನೀರಿನಲ್ಲಿ ಕರಗುವುದೇ ಅಪರೂಪ. ತೊಗಟೆಯನ್ನು ಎಷ್ಟೇ ಹೊತ್ತು ಕುದಿಸಿದರೂ ಕಷಾಯಕ್ಕೆ ಇಳಿಯುವುದು ಅತ್ಯಲ್ಪ, ಅದರಲ್ಲಿ ರಕ್ತದ ಮೂಲಕ ಶ್ವಾಸಕೋಶದ ಗಡ್ಡೆಯವರೆಗೆ ತಲುಪುವುದು ಇನ್ನೂ ಅಲ್ಪ. ಅರಿಶಿನದ ಕರ್ಕ್ಯುಮಿನ್‌ನ ಕಥೆಯೂ ಬಹುಮಟ್ಟಿಗೆ ಇದೇ.

ಗಿಡದಿಂದ ಬಂದ ಔಷಧಿಯನ್ನು ವೈದ್ಯರು ಕಡೆಗಣಿಸುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದಿಂದ ದೊರೆತ ವಿನ್‌ಬ್ಲಾಸ್ಟಿನ್ ಅನ್ನು ಬೇರೆ ಎರಡು ಔಷಧಿಗಳೊಡನೆ ಹರಡಿದ ಮೆಲನೋಮಕ್ಕೆ ವರ್ಷಗಟ್ಟಲೆ ಕೊಟ್ಟಿದ್ದೇವೆ. ಯೂ ಮರದ ತೊಗಟೆಯಲ್ಲಿ ಮೊದಲು ಕಂಡ ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಇಂದಿಗೂ ಕೆಲವರಿಗೆ ಕೊಡುತ್ತೇವೆ. ಶುದ್ಧೀಕರಿಸಿ, ಅಳತೆಯಿಟ್ಟು, ರಕ್ತನಾಳಕ್ಕೇ ಕೊಟ್ಟಾಗಲೂ ಕೆಲವರ ಗಡ್ಡೆ ಕುಗ್ಗಿತೇ ಹೊರತು ಆಯುಷ್ಯ ಹೆಚ್ಚಿತೆಂದು ಸಾಬೀತಾಗಲಿಲ್ಲ. ಈ ರೋಗದ ದಿಕ್ಕು ಬದಲಿಸಿದ್ದು 2011ರಿಂದೀಚೆಗೆ ಬಂದ ಪ್ರತಿರಕ್ಷಾ ಚಿಕಿತ್ಸೆ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಇಂಜೆಕ್ಷನ್‌ಗಳು) ಮತ್ತು ಜೀನ್ ಬದಲಾವಣೆಯನ್ನು ಗುರಿಯಿಡುವ ಮಾತ್ರೆಗಳು. ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಎಂಬ ಎರಡು ಪ್ರತಿರಕ್ಷಾ ಔಷಧಿಗಳನ್ನು ಜೊತೆಯಾಗಿ ಪಡೆದ ರೋಗಿಗಳಲ್ಲಿ ಶೇ. 43ರಷ್ಟು ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರೆಂದು ದೊಡ್ಡ ಪ್ರಯೋಗವೊಂದು ತೋರಿಸಿದೆ. ಅಂಗಾಲಿನ ಮೆಲನೋಮದಲ್ಲಿ ಫಲ ಇದಕ್ಕಿಂತ ಕಡಿಮೆ ಎಂಬುದನ್ನು ಮುಚ್ಚಿಡಲಾರೆ. ಭಾರತೀಯರಲ್ಲಿ ಅಂಗಾಲು, ಅಂಗೈ, ಉಗುರಿನಡಿಯ ಈ ಬಗೆಯೇ ಹೆಚ್ಚು, ಬಿಸಿಲಿಗೂ ಇದಕ್ಕೂ ನಂಟು ಕಡಿಮೆ. ಜೀನ್ ಗುರಿಯಿಡುವ ಆ ಮಾತ್ರೆಗಳು ಹೊಂದುತ್ತವೆಯೇ ಎಂದು ತಿಳಿಯಲು ಬಯಾಪ್ಸಿಯ ತುಣುಕಿನಲ್ಲೇ ಬ್ರಾಫ್ (BRAF) ಮತ್ತು ಕಿಟ್ (KIT) ಜೀನ್‌ಗಳ ಪರೀಕ್ಷೆ ಮಾಡಿಸಬಹುದೇ ಎಂದು ನಿಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿ.

ಲೇಪದ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಕಟುವಾದದ್ದು. ಕಾಡುಗೇರಿನ ಸೊನೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದುದಲ್ಲ. ಅದು ಮೇಲ್ಪದರವನ್ನು ಸುಟ್ಟು ಒಣಗಿದಾಗ ಹುಣ್ಣು ಮಾಯ್ದಂತೆ ಕಾಣಬಹುದು, ಆದರೆ ಕೆಳಗೆ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಅಳತೆಯಿಟ್ಟ ಸಸ್ಯಜನ್ಯ ಮುಲಾಮೂ ಎಡವಿದ್ದುಂಟು: ಯುಫೋರ್ಬಿಯ ಜಾತಿಯ ಗಿಡದ ಹಾಲಿನಲ್ಲಿರುವ ಇಂಜೆನಾಲ್ ಮೆಬ್ಯುಟೇಟ್, ಬಿಸಿಲಿನಿಂದಾಗುವ ಕ್ಯಾನ್ಸರ್‌ಪೂರ್ವ ಚರ್ಮದ ಒರಟು ಕಲೆಗಳಿಗೆ 2012ರಲ್ಲಿ ಅನುಮತಿ ಪಡೆದಿತ್ತು, ಅದನ್ನು ಹಚ್ಚಿದ ಜಾಗದಲ್ಲೇ ಚರ್ಮದ ಕ್ಯಾನ್ಸರ್ ಬರುವ ಆತಂಕದಿಂದ 2020ರಲ್ಲಿ ಯುರೋಪಿನಲ್ಲಿ ಹಿಂತೆಗೆಯಲಾಯಿತು.

ಚಿಕಿತ್ಸೆಯ ಜೊತೆಗೆ ಕಷಾಯ ಕೊಟ್ಟರೇನು ಎಂದು ಮುಂದೆ ನೀವು ಕೇಳಬಹುದು. ಅಡುಗೆಯ ಅರಿಶಿನ, ಮನೆಯ ತಂಬುಳಿಗೆ ಅಡ್ಡಿಯಿಲ್ಲ. ಸಾಂದ್ರ ಕಷಾಯ, ಕರ್ಕ್ಯುಮಿನ್ ಗುಳಿಗೆ ಬೇಡ. ಪ್ರತಿರಕ್ಷಾ ಚಿಕಿತ್ಸೆಯಿಂದ ಕೆಲವರಿಗೆ ಯಕೃತ್ತು ಊದಿಕೊಳ್ಳುತ್ತದೆ. ಅರಿಶಿನದ ಗುಳಿಗೆಗಳಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ಎರಡೂ ಒಟ್ಟಿಗಿದ್ದರೆ ಕಾರಣ ಯಾವುದೆಂದು ತಿಳಿಯದೆ ಮುಖ್ಯ ಔಷಧಿಯನ್ನೇ ನಿಲ್ಲಿಸಬೇಕಾದೀತು. ಈಗಾಗಲೇ ಏನನ್ನಾದರೂ ಕುಡಿಸಿದ್ದರೆ ಬೈಗುಳಕ್ಕೆ ಅಂಜಿ ಮುಚ್ಚಿಡದೆ, ಆ ಪುಡಿಯನ್ನೋ ತೊಗಟೆಯನ್ನೋ ಪೊಟ್ಟಣದ ಸಮೇತ ತಜ್ಞರಿಗೆ ತೋರಿಸಿ, ಮೊದಲ ಡೋಸಿಗೆ ಮುಂಚೆಯೇ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.