ಚಂದದ ಸೈಕಲ್ಲೋ, ಹಗುರದ ಸೈಕಲ್ಲೋ?

ಪ್ರಶ್ನೆ: ರೋಡ್ ಸೈಕಲ್ ಕೊಳ್ಳಬೇಕೆಂದಿದ್ದೇನೆ. ಎರಡರ ಮಧ್ಯೆ ತೂಗುಯ್ಯಾಲೆ. ಒಂದು, ಲಗ್ (ಕೊಳವೆಗಳು ಸೇರುವಲ್ಲಿ ತೊಡಿಸುವ ಲೋಹದ ಕವಚ) ಕೂಡಿಸಿ ಬೆಸೆದ ಉಕ್ಕಿನ ಫ್ರೇಮಿನದು. ತೆಳ್ಳನೆಯ ಕೊಳವೆಗಳು, ನೋಡುತ್ತಲೇ ಇರಬೇಕು ಅನ್ನಿಸುತ್ತದೆ, 10 ಕೆ.ಜಿ. ಇನ್ನೊಂದು ಕಾರ್ಬನ್ ಫೈಬರ್ ಫ್ರೇಮಿನದು, 8 ಕೆ.ಜಿ., ಒಂದು ಕೇಬಲ್ಲೂ ಹೊರಗೆ ಕಾಣದು. ನನ್ನ ತೂಕ 70 ಕೆ.ಜಿ. ರೇಸಿಗಲ್ಲ, ರಜೆಯ ದಿನಗಳ ದೂರದ ಸವಾರಿಗೆ. ಗೆಳೆಯರೆಲ್ಲ ಕಾರ್ಬನ್ ಎನ್ನುತ್ತಾರೆ. ನೀವೇನಂತೀರಿ?

ಉತ್ತರ: ನಿಮ್ಮ ಗೆಳೆಯರು ಸೈಕಲ್ಲನ್ನು ಮಾತ್ರ ತಕ್ಕಡಿಗೆ ಹಾಕಿದ್ದಾರೆ, ನಿಮ್ಮನ್ನು ಹಾಕಿಲ್ಲ. ಏರು ಹತ್ತುವಾಗ ಕಾಲು ಎತ್ತುವುದು ಸೈಕಲ್, ಸವಾರ, ನೀರು, ಬಟ್ಟೆ ಎಲ್ಲವನ್ನೂ ಸೇರಿಸಿ. ನೀರು, ಬಟ್ಟೆಗೆ ಮೂರು ಕೆ.ಜಿ. ಹಿಡಿದರೆ ನಿಮ್ಮ ಲೆಕ್ಕದಲ್ಲಿ ಅದು 83 ಕೆ.ಜಿ. ಇಲ್ಲವೇ 81. ಒಂದು ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ಎದುರಾಳಿ ಗಾಳಿ. ಅದರ ಹೊಡೆತವೂ ಬಹುಪಾಲು ಸವಾರನ ಮೈಗೇ. ವೃತ್ತಿಪರ ರೇಸುಗಳಲ್ಲೇ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಂತೆ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ. ಎಂಟಕ್ಕೂ ಹತ್ತಕ್ಕೂ ನೀವೇಕೆ ನಿದ್ದೆಗೆಡಬೇಕು?

ಹಾಗಂತ ತೂಕ ಸುಳ್ಳಲ್ಲ. ದಿನಾ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ಹತ್ತುವವರಾದರೆ ಆ ಎರಡು ಕೆ.ಜಿ. ಚೆನ್ನಾಗಿಯೇ ಗೊತ್ತಾಗುತ್ತದೆ, ಆಗ ಕಾರ್ಬನ್ನೇ ಇರಲಿ.

ನನ್ನ ತಕರಾರು ಬೇರೆ. ನೀವು ಚಂದ ಒಂದು ಕಡೆ, ಅನುಕೂಲ ಇನ್ನೊಂದು ಕಡೆ ಇಟ್ಟಿದ್ದೀರಿ. ಆದರೆ ಇಲ್ಲಿ ಚಂದಕ್ಕಾಗಿ ಅನುಕೂಲ ಬಿಟ್ಟಿರುವುದು ಆ ಕಾರ್ಬನ್ ಸೈಕಲ್ಲೇ! ಕೇಬಲ್ ಕಾಣಬಾರದೆಂದು ಹ್ಯಾಂಡಲ್ಲಿನೊಳಗಿಂದ, ಅದರ ಬುಡದ ಬೇರಿಂಗ್ ಮೂಲಕ ಎಳೆದಿರುತ್ತಾರೆ. ಇಂಥ ಅನೇಕ ಮಾಡೆಲ್‌ಗಳಲ್ಲಿ ಬೇರಿಂಗ್ ಸವೆದರೆ ಡಿಸ್ಕ್ ಬ್ರೇಕಿನ ಆಯಿಲ್ ಪೈಪನ್ನೇ ಬಿಚ್ಚಿ, ಮತ್ತೆ ಆಯಿಲ್ ತುಂಬಿ, ಒಳಗಿನ ಗಾಳಿ ತೆಗೆಯಬೇಕು. ಹೊರಗೆ ಕೇಬಲ್ ಇರುವ ಸೈಕಲ್ಲಿನಲ್ಲಿ ಅದೇ ಕೆಲಸ ಸಲೀಸು. ಸೀಟಿನ ಕೊಳವೆ ಕಾರ್ಬನ್ನಿನದಾದರೆ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಅಳೆದೇ ಬಿಗಿಯಬೇಕು, ಅಂದಾಜಿನಲ್ಲಿ ತಿರುಗಿಸಿದರೆ ಸೀಳಬಹುದು. ಉಕ್ಕಿಗೂ ಖಾಯಿಲೆ ಇದೆ: ತುಕ್ಕು, ಅದೂ ಒಳಗಿನಿಂದ. ಮಳೆಯಲ್ಲಿ ನೆನೆದರೆ ಸೀಟಿನ ಕೊಳವೆ ತೆಗೆದು ನೀರು ಬಸಿಯಿರಿ, ಆಗಾಗ ಒಳಗೆ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ.

ನನ್ನ ಮತ ಉಕ್ಕಿಗೆ. ನೋಡಿದಾಗ ಹತ್ತಬೇಕೆನಿಸುವ ಸೈಕಲ್ ಹೆಚ್ಚು ಓಡುತ್ತದೆ, ನಾನಿದನ್ನು ಅನುಕೂಲದ ಪಟ್ಟಿಗೇ ಸೇರಿಸುತ್ತೇನೆ. ಆದರೆ ದುಡ್ಡು ಕೊಡುವ ಮೊದಲು ಫೋರ್ಕಿನಲ್ಲೂ (ಮುಂದಿನ ಚಕ್ರ ಹಿಡಿಯುವ ಕವಲು) ಬ್ರೇಕಿನಲ್ಲೂ ಟೈರಿಗೆ ಎಷ್ಟು ಜಾಗವಿದೆ ನೋಡಿ. ಹಳೇ ಶೈಲಿಯ ಕೆಲವು ಚೆಲುವೆಯರಲ್ಲಿ 25 ಮಿ.ಮೀ. ಟೈರಿಗಿಂತ ದಪ್ಪದ್ದು ಕೂರುವುದಿಲ್ಲ, ಮಡ್‌ಗಾರ್ಡ್ ಮಾತಂತೂ ದೂರ. 30 ಅಥವಾ 32 ಮಿ.ಮೀ. ಟೈರ್ ಹಿಡಿಸಿದರೆ ಗಾಳಿ ಸ್ವಲ್ಪ ಕಡಿಮೆ ಇಟ್ಟು ಓಡಿಸಬಹುದು; ಒರಟು ರಸ್ತೆಯಲ್ಲಿ ಕೈಗೂ ಬೆನ್ನಿಗೂ ಸುಖ. ಹಿಡಿಸದಿದ್ದರೆ ಲಗ್ ಎಷ್ಟೇ ಚಂದವಿರಲಿ, ಬೇರೆ ಉಕ್ಕಿನ ಸೈಕಲ್ ಹುಡುಕಿ.